ಹುಳದ ಮನೆಗೆ ಹೋಗಬಲ್ಲವರು

ಪಕ್ಕದ ಮನೆಯವರು ತಮ್ಮ ಕರಿಬೇವಿನ ಗಿಡಕ್ಕೆಂದು ಎರಡು ಚೀಲ ರೇಷ್ಮೆ ಹುಳದ ಗೊಬ್ಬರ ತರಿಸಿದ್ದರು. ಆಟೋದವನು ಅದನ್ನು ಅವರ ಗೇಟಿನ ಮುಂದೆ ಇಳಿಸುವ ಬದಲು ನಮ್ಮ ಗೇಟಿಗೆ ಒರಗಿಸಿ ಹೊರಟುಹೋಗಿದ್ದ. ಮೊನ್ನೆಯಷ್ಟೇ ಅವರ ಕಾರು ನಿಲ್ಲಿಸುವ ವಿಚಾರಕ್ಕೆ ಒಂದು ಸುತ್ತು ಮಾತಾಗಿತ್ತು. ಇವತ್ತು ಬಿಡಬಾರದು ಅಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಆಚೆ ಬಂದೆ. ಒಂದು ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಬಾಡಿದ ಹಿಪ್ಪುನೇರಳೆ ಸೊಪ್ಪು, ಹುಳದ ಹಿಕ್ಕೆ, ಮೇಲೆ ಉದುರಿಸಿದ ಸುಣ್ಣ, ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ವಾಸನೆ ಅಂತ ಯಾರೂ ಅನ್ನಲಾರರು. ನಾನು ಜಗಳ ಮರೆತು ಗೇಟು ಹಿಡಿದುಕೊಂಡು ನಿಂತುಬಿಟ್ಟೆ... ಪಕ್ಕದ ಮನೆಯಾಕೆಯೇ ಬಂದು, ತಲೆ ಸುತ್ತುತ್ತಿದೆಯಾ ಎಂದು ಕೇಳಿದಳು.

ತಲೆ ಸುತ್ತಿರಲಿಲ್ಲ. ಸುಗಟೂರಿನ ಅಕ್ಕ ನೆನಪಾಗಿದ್ದರು. ಅವರು ನನಗೆ ಅಕ್ಕನೂ ಅಲ್ಲ, ದೂರದ ನೆಂಟರೂ ಅಲ್ಲ. ಕೆಲಸದ ಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದ ಒಂದು ಮನೆಯ ಯಜಮಾನಿ, ಅಷ್ಟೇ. ಹೋದ ವರ್ಷ ತೀರಿಕೊಂಡರು.

ನಾನು ಆಗ ಕೋಲಾರದ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಬುದ್ಧಿಯ ಬೆಳವಣಿಗೆ ಕಡಿಮೆ ಇರುವವರು, ಮನಸ್ಸಿನ ಕಾಯಿಲೆ ವಾಸಿಯಾದರೂ ಕರೆದುಕೊಂಡು ಹೋಗುವವರಿಲ್ಲದೆ ಆಶ್ರಮಗಳಲ್ಲೇ ಉಳಿದುಹೋದವರು, ಇಂಥ ವಯಸ್ಸಾದವರನ್ನು, ನಡುವಯಸ್ಸಿನವರನ್ನು ಸಾಲು ಮಂಚದ ಹಾಲ್‌ಗಳಿಂದ ಬಿಡಿಸಿ, ಒಪ್ಪುವ ಸಂಸಾರಸ್ಥರ ಮನೆಗಳಲ್ಲಿ ಇರಿಸುವುದು ಸಂಸ್ಥೆಯ ಕೆಲಸ. ಒಂದು ಮನೆಗೆ ಒಬ್ಬರು. ಆ ಮನೆಯವರ ಜೊತೆಗೇ ಊಟ, ನಿದ್ದೆ, ಹಬ್ಬ. ಕೇಳಲು ಚೆನ್ನಾಗಿದೆ. ಮನೆ ಹುಡುಕಲು ಹೊರಟಾಗ ಅದರ ಕಷ್ಟ ಗೊತ್ತಾಗುತ್ತಿತ್ತು. ಲಕ್ಕೂರಿನಲ್ಲಿ ಒಬ್ಬರು ಮೊದಲ ಮಾತಿಗೇ, ಅಡುಗೆ ಬರುತ್ತಾ ಎಂದು ಕೇಳಿದ್ದರು. ಶ್ರೀನಿವಾಸಪುರದ ಕಡೆ ಇನ್ನೊಬ್ಬರಿಗೆ ಮಾವಿನ ತೋಪು ಕಾಯಲು ಜನ ಬೇಕಿತ್ತು. ಗಂಡಸಾದರೆ ಕಳಿಸಿ ಅಂದರು. ಮುಳಬಾಗಿಲಿನ ಒಬ್ಬಾಕೆ ಎಲ್ಲಕ್ಕೂ ಹೂಂ ಅಂದು ಕೊನೆಯಲ್ಲಿ ಜಾತಿ ಕೇಳಿದರು. ನಮಗೂ ಗೊತ್ತಿಲ್ಲ ಅಂದಾಗ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿದರು.

ಒಪ್ಪಿದ ಮನೆಗಳಿಗೆ ತಿಂಗಳಿಗೊಮ್ಮೆ ಸ್ಕೂಟಿಯಲ್ಲಿ ಹೋಗಿ ಎರಡು ಪುಟದ ಫಾರಂ ತುಂಬುವುದು ನನ್ನ ಪಾಲಿನ ಕೆಲಸವಾಗಿತ್ತು. ಹೊಟ್ಟೆ ತುಂಬ ಊಟ ಇದೆಯೇ, ಪ್ರತ್ಯೇಕ ಹಾಸಿಗೆ ಇದೆಯೇ, ಮನೆಯವರು ದುಡಿಸಿಕೊಳ್ಳುತ್ತಿದ್ದಾರೆಯೇ... ಹೀಗೆ ಪ್ರಶ್ನೆಗಳು. ಆ ಫಾರಂ ಅನ್ನು ನಾನು ಕೋರ್ಟಿನ ಕಾಗದದ ಹಾಗೆ ನೋಡುತ್ತಿದ್ದೆ. ಆಫೀಸಿನಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ತುಂಬುವವರು ಇರಲಿಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಸುಗಟೂರಿನ ಅಕ್ಕ ನಯವಾಗಿ ಮಾತಾಡುವವರಲ್ಲ. ಮೊದಲ ದಿನ ನಾನು ಮಲ್ಲಿಗೆ ಮುಡಿದು, ಪೌಡರ್ ಹಾಕಿಕೊಂಡು ಹೋಗಿದ್ದೆ. ಮನೆಯ ಹಿಂದಿನ ಹುಳದ ಮನೆಯಿಂದ ಆಕೆ ತಲೆ ಹೊರಗೆ ಹಾಕಿ, ಅಷ್ಟು ದೂರದಲ್ಲೇ ನಿಲ್ಲಿ ಅಂದರು. ರೇಷ್ಮೆ ಹುಳಕ್ಕೆ ಹೂವಿನ ಘಾಟು, ಪೌಡರಿನ ಘಾಟು ಆಗದಂತೆ. ಅರ್ಧ ಗಂಟೆ ದನದ ಕೊಟ್ಟಿಗೆಯ ಪಕ್ಕ ನಿಂತು, ಕಾಲು ಬದಲಿಸುತ್ತ ಕಾದೆ. ಆಮೇಲೆ ಅಕ್ಕ ಕೈ ತೊಳೆದುಕೊಂಡು ಬಂದು, ನಾನು ಹೇಳಿದ್ದನ್ನೆಲ್ಲ ಕೇಳಿ, ಅತ್ತೆಗೆ ಜೊತೆಗೊಂದು ಜನ ಬೇಕು, ನನಗೆ ಹುಳದ ಮಧ್ಯೆ ಪುರುಸೊತ್ತಿಲ್ಲ, ಕಳಿಸಿ ಅಂದರು. ಅಷ್ಟೇ ಮಾತು. ನಾನು ಫಾರಂನಲ್ಲಿ 'ಸ್ವಂತ ಅನುಕೂಲಕ್ಕಾಗಿ ಒಪ್ಪಿದ್ದಾರೆ' ಎಂದು ಬರೆದುಕೊಂಡೆ.

ಅವರ ಮನೆಗೆ ಕಳಿಸಿದ್ದು ಸುಮಾರು ನಲವತ್ತು ವರ್ಷದ ಒಬ್ಬ ಹೆಂಗಸನ್ನು. ಬಹಳ ಹಿಂದೆ ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳಂತೆ. ಯಾರ ಮನೆಯವಳು, ಯಾರು ಬಿಟ್ಟುಹೋದರು ಎನ್ನುವುದು ಯಾರಿಗೂ ತಿಳಿಯಲಿಲ್ಲ. ಬೆಂಗಳೂರಿನಾಚೆಯ ಒಂದು ಆಶ್ರಮದಲ್ಲಿ ಹತ್ತು ಹನ್ನೆರಡು ವರ್ಷ ಇದ್ದಳು. ನಮ್ಮ ಕೈಗೆ ಬಂದ ಮೇಲೆ ಎರಡು ಮನೆಗಳಲ್ಲಿ ಇರಿಸಿದ್ದೆವು. ಎರಡೂ ಮನೆಯವರು ವಾಪಸು ಕಳಿಸಿದ್ದರು. ಹಟ ಮಾಡುತ್ತಾಳೆ, ಹೇಳಿದ್ದು ತಿಳಿಯುವುದಿಲ್ಲ, ನಮ್ಮ ಮನೆಗೆ ಹೊಂದುವುದಿಲ್ಲ, ಇವು ಅವರ ಕಾರಣಗಳು. ಅವಳ ಫೈಲಿನಲ್ಲಿ 'ಮಾತು ಬರುವುದಿಲ್ಲ' ಎಂದು ಬರೆದಿತ್ತು.

ಆ ಮನೆಯಲ್ಲಿ ಅಕ್ಕನ ಅತ್ತೆ ಆಂಧ್ರದ ಗಡಿ ಕಡೆಯಿಂದ ಬಂದವರು. ಮನೆಯೊಳಗೆ ಅವರದು ತೆಲುಗೇ. ನಾನು ಅವಳನ್ನು ಕರೆದುಕೊಂಡು ಹೋಗಿ ಜಗಲಿಯಲ್ಲಿ ಕೂರಿಸಿದಾಗ ಆ ಮುದುಕಿ ಮೊದಲು ಕೇಳಿದ್ದು ಊಟದ ವಿಚಾರ.

"ಅನ್ನಂ ತಿಂಟಾವಾ?"

"ತಿಂಟಾನು" ಅಂದಳು ಇವಳು.

ಹನ್ನೆರಡು ವರ್ಷ ಬಾಯಿ ಬಿಡದವಳು ಊಟ ಮಾಡ್ತೀನಿ ಅಂದುಬಿಟ್ಟಳು. ನನಗೂ ತೆಲುಗು ಬರುತ್ತದೆ. ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ಬಾರದೆ ಇರುತ್ತದೆಯೇ? ಆದರೆ ಆಫೀಸಿನ ಕೆಲಸಕ್ಕೆ ಕನ್ನಡವೇ ಸರಿ ಎಂದುಕೊಂಡು ಅವಳ ಜೊತೆ ಒಂದು ದಿನವೂ ತೆಲುಗಿನಲ್ಲಿ ಮಾತಾಡಿರಲಿಲ್ಲ. ಫೈಲಿನ ಆ ಸಾಲಿನ ಮೇಲೆ ಗೀಟು ಎಳೆಯುವಾಗ ಮುಖ ಬಿಸಿಯಾಗಿತ್ತು.

ಅಕ್ಕನ ಇಬ್ಬರು ಮಕ್ಕಳು ಅವಳನ್ನು ಚಿಕ್ಕಮ್ಮ ಎಂದು ಕರೆದರು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಚಿಕ್ಕಮ್ಮ ಮುದುಕಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು, ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಆಶ್ರಮದಿಂದ ತಂದ ಬಟ್ಟೆಯ ಚೀಲವನ್ನು ಮಾತ್ರ ಬಹಳ ದಿನ ಬಿಚ್ಚಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿ, ಬೇಕಾದ ಸೀರೆಯನ್ನು ಅದರಿಂದಲೇ ಎಳೆದುಕೊಳ್ಳುತ್ತಿದ್ದಳು. ಆರೇಳು ತಿಂಗಳು ಕಳೆದ ಮೇಲೆ ನಾನು ಹೋದಾಗ ಚೀಲ ಖಾಲಿಯಾಗಿ ತೂಗುತ್ತಿತ್ತು. ಬಟ್ಟೆಗಳು ಅಕ್ಕನ ಬೀರುವಿನಲ್ಲಿದ್ದವು.

ಅಷ್ಟು ಹೊತ್ತಿಗೆ ಅವಳು ಹುಳದ ಮನೆಗೂ ಇಳಿದಿದ್ದಳು. ಬಾಗಿಲಲ್ಲಿದ್ದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು, ಕೈ ತೊಳೆದು ಒಳಗೆ ಹೋಗಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಅಟ್ಟಣೆಗಳ ಮೇಲೆ ಸೊಪ್ಪಿನ ಕಡ್ಡಿಗಳನ್ನು ಸಮನಾಗಿ ಹರಡುತ್ತಿದ್ದಳು. ಹುಳ ಪೊರೆ ಬಿಡುವ ಹೊತ್ತನ್ನು ಅವರು ಜ್ವರ ಅನ್ನುತ್ತಾರೆ. ಆಗ ಹುಳ ಮೇವು ಮುಟ್ಟುವುದಿಲ್ಲ, ತಲೆ ಎತ್ತಿ ಸುಮ್ಮನಿರುತ್ತದೆ. ಯಾವ ಅಟ್ಟಣೆಯ ಹುಳ ಜ್ವರಕ್ಕೆ ಹೋಗಿದೆ, ಯಾವುದು ಎದ್ದಿದೆ ಎಂದು ಅಕ್ಕನ ಗಂಡನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತಂತೆ. ನನಗೆ ಮಾತ್ರ ಫಾರಂ ನೆನಪಾಯಿತು. ದುಡಿಸಿಕೊಳ್ಳುತ್ತಿದ್ದಾರೆಯೇ? ಅಕ್ಕನನ್ನು ನೇರವಾಗಿಯೇ ಕೇಳಿದೆ.

ಅಕ್ಕನಿಗೆ ಸಿಟ್ಟು ಬಂತು. "ಕೈ ಕಟ್ಕೊಂಡು ಕೂತ್ಕೊಳ್ಳೋರು ನೆಂಟ್ರು, ಮೇಡಂ. ನೆಂಟ್ರನ್ನ ಎಷ್ಟ್ ದಿನ ಇಟ್ಕೊಂತೀರ ನೀವು?"

'ಮನೆಯವರ ಜೊತೆ ಕೈಜೋಡಿಸುತ್ತಾಳೆ' ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ.

ಮೂರನೇ ವರ್ಷ ಇರಬೇಕು, ಅಕ್ಕನ ಅತ್ತೆ ತೀರಿಕೊಂಡರು. ನನಗೆ ಗೊತ್ತಾಗಿ ನಾನು ಹೋದದ್ದು ಮೂರನೆಯ ದಿನ. ಮಾತಾಡಿಸಿಕೊಂಡು ಬರೋಣ, ಹಾಗೇ ಆ ತಿಂಗಳ ಫಾರಂ ಕೂಡ ಆದೀತು ಅಂತ ಲೆಕ್ಕ ಹಾಕಿಕೊಂಡಿದ್ದೆ.

ಹೋಗಿ ನೋಡಿದರೆ ಸಾವಿನ ಮನೆಯಲ್ಲಿ ಸಾವಿನ ಮಾತೇ ಇಲ್ಲ, ಎಲ್ಲರ ಬಾಯಲ್ಲೂ ಹುಳ. ಹುಳ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಗೂಡು ಕಟ್ಟುವುದಕ್ಕೆ ಮುಂಚಿನ ಆ ಒಂದು ವಾರ ಅವು ತಿನ್ನುವಷ್ಟು ಬೇರೆ ಯಾವಾಗಲೂ ತಿನ್ನುವುದಿಲ್ಲ. ಒಂದು ಹೊತ್ತು ಮೇವು ತಪ್ಪಿದರೂ ಬೆಳೆ ಕೈಬಿಟ್ಟ ಹಾಗೆಯೇ. ಇತ್ತ ಮನೆಯವರಿಗೆ ಹನ್ನೊಂದು ದಿನ ಸೂತಕ. ದೇವರಿಗೆ ದೀಪ ಹಚ್ಚುವಂತಿಲ್ಲ, ಹೊರಗಿನವರನ್ನು ಮುಟ್ಟುವಂತಿಲ್ಲ. ಆ ಊರಿನಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು: ಸೂತಕದವರು ಹುಳದ ಮನೆಯ ಹೊಸ್ತಿಲು ದಾಟುವಂತಿಲ್ಲ. ಹುಳ ಅವರಿಗೆ ದೇವರ ಮನೆಯಷ್ಟೇ ಮಡಿ. ಅರ್ಧ ಊರು ದಾಯಾದಿಗಳು, ಅವರಿಗೂ ಸೂತಕ. ಉಳಿದರ್ಧದವರ ಮನೆಯಲ್ಲೂ ಅದೇ ವಯಸ್ಸಿನ ಹುಳ. ಒಂದು ಮನೆಯ ಹುಳ ಮುಟ್ಟಿದವರು ಇನ್ನೊಂದು ಮನೆಯ ಹುಳ ಮುಟ್ಟಿದರೆ ರೋಗ ಹಬ್ಬುತ್ತದೆಂದು ಅವರು ಬರುವುದಿಲ್ಲ, ಇವರೂ ಕರೆಯುವುದಿಲ್ಲ. ಸೊಪ್ಪು ಕೊಯ್ದು ಬಾಗಿಲಿಗೆ ತಂದು ಹಾಕಲು ಕೂಲಿಯವರು ಸಿಕ್ಕಿದ್ದರು. ಮನೆಮನೆಯ ಹುಳ ಮುಟ್ಟುವ ಅವರನ್ನು ಒಳಗೆ ಬಿಡುವಂತಿರಲಿಲ್ಲ. ಒಳಗೆ ಹೋಗಿ ಹಾಕಬಲ್ಲವರು ಬೇಕಿತ್ತು.

ಚಿಕ್ಕಮ್ಮ ಇದ್ದಳಲ್ಲ. ರಕ್ತಸಂಬಂಧವಿಲ್ಲ, ಹಾಗಾಗಿ ಸೂತಕವಿಲ್ಲ. ಪುಣ್ಯಕ್ಕೆ ಇವಳೊಬ್ಬಳಿದ್ದಾಳೆ ಎಂದು ಹಿರಿಯರು ತೀರ್ಮಾನಿಸಿದರು. ಅಕ್ಕನೂ ಒಪ್ಪಿಕೊಂಡಿದ್ದರು. ಹೆಣ ಎತ್ತುವ ಮುಂಚೆಯೇ ಅವಳನ್ನು ಹೊರಗೆ ಕಳಿಸಿ, ತಲೆಗೆ ನೀರು ಹುಯ್ಯಿಸಿ, ಹುಳದ ಮನೆಯ ಮುಂದಿನ ಕೋಣೆಯಲ್ಲಿ ಬೇರೆ ಇರಿಸಿದರು. ಎದುರು ಮನೆಯಿಂದ ಊಟ, ಬೇರೆ ತಟ್ಟೆ, ಬೇರೆ ಚಾಪೆ. ಮಕ್ಕಳು ಹತ್ತಿರ ಹೋದರೆ ಗದರಿಸಿ ವಾಪಸು ಕರೆಯುತ್ತಿದ್ದರು. ಮೈಲಿಗೆ ತಾಗಿದರೆ ಇರುವವಳೊಬ್ಬಳೂ ಕೈತಪ್ಪುತ್ತಾಳಲ್ಲ! ಹೀಗೆ, ಮೂರು ವರ್ಷ ಯಾರ ಪಕ್ಕದಲ್ಲಿ ಮಲಗಿದ್ದಳೋ ಅವರು ಸತ್ತ ದಿನದಿಂದ ಚಿಕ್ಕಮ್ಮನನ್ನು ಯಾರೂ ಮುಟ್ಟಿರಲಿಲ್ಲ. ಇದು ಆಗ ಯಾರಿಗೂ ತಪ್ಪು ಅನ್ನಿಸಲಿಲ್ಲ. ಕೇಳಿದಾಗ ನನಗೂ ಅನ್ನಿಸಲಿಲ್ಲ.

ಎರಡು ದಿನ ಅವಳು ಹೇಳಿದ ಹಾಗೆ ಮೇವು ಹಾಕಿದ್ದಳು. ಮೂರನೆಯ ದಿನ ಬೆಳಿಗ್ಗೆ ಹುಳದ ಮನೆಗೆ ಹೋಗದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಯಾರೇನು ಹೇಳಿದರೂ ಒಂದೇ ಮಾತು: "ನಾಕೂ ಉಂದಿ." ನನಗೂ ಇದೆ. ಸೂತಕ ತನಗೂ ಇದೆ ಅಂತ.

ಯಜಮಾನರು, ಅಂದರೆ ಅಕ್ಕನ ಗಂಡ, ನನ್ನನ್ನು ಕಂಡವರೇ ದೂರದಿಂದ ಕೈ ಮುಗಿದರು. ಬೆಳಗಿನ ಮೇವು ಬಿದ್ದಿಲ್ಲ, ನೀವು ಹೇಳಿದರೆ ಕೇಳುತ್ತಾಳೆ, ನೀವೇ ತಂದುಬಿಟ್ಟವರಲ್ಲವೇ ಎಂದರು. ನನಗೂ ಅದು ದೊಡ್ಡ ಕೆಲಸವೆನಿಸಲಿಲ್ಲ. ಸೂತಕ ಗೀತಕ ಎನ್ನುವುದರಲ್ಲಿ ನನಗೆ ಅಷ್ಟು ನಂಬಿಕೆಯೂ ಇರಲಿಲ್ಲ. ತಿಳಿಯದವಳು ಏನೋ ಹಟ ಹಿಡಿದಿದ್ದಾಳೆ, ಬಿಡಿಸಿ ಹೇಳಿದರೆ ಸರಿಹೋಗುತ್ತಾಳೆ ಎಂದುಕೊಂಡೆ. ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸಮಾಧಾನವಾಗಲಿ ಅಂತ, ಅವಳೊಂದಿಗೆ ಮೊದಲ ಸಲ ಅವಳ ಮಾತಿನಲ್ಲೇ ಮಾತಾಡಿದೆ.

"ನೀಕು ಸೂತಕಂ ಲೇದಮ್ಮಾ. ನುವ್ವು ಈ ಇಂಟಿದಾನಿವಿ ಕಾದು ಕದಾ."

ನಿನಗೆ ಸೂತಕವಿಲ್ಲಮ್ಮ, ನೀನು ಈ ಮನೆಯವಳಲ್ಲವಲ್ಲ ಎಂದೆ. ಒಳ್ಳೆಯ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದೆ, ಅದು ಚೆನ್ನಾಗಿ ನೆನಪಿದೆ.

ಚಿಕ್ಕಮ್ಮ ನನ್ನ ಮುಖ ನೋಡಿದಳು. ಎದ್ದಳು. ಕೇಳಿಸಿತು, ಹುಳದ ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ನೇರ ಮನೆಯೊಳಗೆ ಹೋದಳು. ಗೋಡೆಯ ಮೊಳೆಯಿಂದ ಆ ಹಳೇ ಚೀಲ ತೆಗೆದುಕೊಂಡು, ಬೀರು ತೆಗೆಯದೆ, ಹಗ್ಗದ ಮೇಲೆ ಒಣಗುತ್ತಿದ್ದ ತನ್ನ ಒಂದು ಸೀರೆಯನ್ನು ಮಾತ್ರ ಎಳೆದು ಅದರಲ್ಲಿ ತುರುಕಿಕೊಂಡು, ಅಂಗಳ ದಾಟಿ ಹೋಗಿ ನನ್ನ ಸ್ಕೂಟಿಯ ಪಕ್ಕದಲ್ಲಿ ನಿಂತಳು. ಅಳಲಿಲ್ಲ, ಯಾರನ್ನೂ ತಿರುಗಿ ನೋಡಲಿಲ್ಲ. ಇದಕ್ಕೆ ಮುಂಚೆ ಎರಡು ಮನೆಗಳಿಂದ ಅವಳನ್ನು ಕರೆದುಕೊಂಡು ಬಂದವಳು ನಾನೇ. ಎರಡು ಸಲವೂ ಹೀಗೆಯೇ ಚೀಲ ಹಿಡಿದು ಸ್ಕೂಟಿಯ ಪಕ್ಕದಲ್ಲಿ ನಿಂತಿದ್ದಳು. ಬಾಯಿಂದ ಹೊರಟ ಮಾತನ್ನು ವಾಪಸು ತೆಗೆದುಕೊಳ್ಳುವುದಾದರೆ ಆವತ್ತು ಏನು ಬೇಕಾದರೂ ಕೊಡುತ್ತಿದ್ದೆ.

ಅಕ್ಕ ಒಳಗಿನಿಂದ ಇದನ್ನೆಲ್ಲ ನೋಡಿದ್ದರು. ತಲೆ ಬಾಚದೆ, ಮೂರು ದಿನದ ಮಾಸಿದ ಸೀರೆಯಲ್ಲೇ ಅಂಗಳಕ್ಕೆ ಬಂದರು. ಹಿರಿಯರೊಬ್ಬರು, ಮುಟ್ಟಬೇಡಮ್ಮ, ದೂರದಿಂದಲೇ ಹೇಳು ಎಂದರು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಹೋಗಿ ಚಿಕ್ಕಮ್ಮನ ಕೈ ಹಿಡಿದುಕೊಂಡರು. ಬರೀ ಕೈಯಲ್ಲ, ಚೀಲ ಹಿಡಿದ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಎಲ್ಲರ ಕಡೆ ತಿರುಗಿದರು.

"ಅತ್ತೆ ಪಕ್ಕದಾಗೆ ಮಲಗ್ತಿದ್ದೋಳು ಇವ್ಳು, ನಾನಲ್ಲ. ನನಗೆ ಸೂತಕ ಐತೆ ಅಂದ್ಮೇಲೆ ಇವ್ಳಿಗೂ ಐತೆ. ಹನ್ನೊಂದ್ ದಿನ."

ಅಲ್ಲಿಗೆ ಮಾತು ಮುಗಿಯಿತು. ಸೂತಕದವರು ಮುಟ್ಟಿಯಾದ ಮೇಲೆ ಅವಳನ್ನು ಯಾರು ತಾನೇ ಹುಳದ ಮನೆಗೆ ಕಳಿಸಲು ಸಾಧ್ಯ? ಯಜಮಾನರು ಜಗಲಿಯ ಮೇಲೆ ಕುಸಿದು ಕೂತು, ಹುಳದ ಗತಿ ಏನು ಎಂದರು. ಅಕ್ಕ, ಹೋದರೆ ಒಂದು ಬೆಳೆ ಹೋಗುತ್ತದೆ ಎಂದರು. ದನಿಯಲ್ಲಿ ಧಾರಾಳವೇನೂ ಇರಲಿಲ್ಲ. ಆ ಬೆಳೆಗಾಗಿ ಇಪ್ಪತ್ತು ದಿನ ನಿದ್ದೆಗೆಟ್ಟವರು ಅವರೇ. ಆಮೇಲೆ ನನ್ನನ್ನು ನೋಡಿದರು.

"ಸೂತಕ ಇಲ್ದೇ ಇರೋರು ಇಲ್ಲಿ ನೀವೊಬ್ರೇ, ಮೇಡಂ."

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ನನಗೆ ರಕ್ತಸಂಬಂಧವಿಲ್ಲ, ನಮ್ಮ ಮನೆಯಲ್ಲಿ ಹುಳವಿಲ್ಲ. ಆವತ್ತು ಹೂವನ್ನೂ ಮುಡಿದಿರಲಿಲ್ಲ. ಹುಳ ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ, ಹಲ್ಲಿ ಕಂಡರೂ ಕಿರುಚುವವಳು ನಾನು. ಆದರೆ ಅಷ್ಟೆಲ್ಲ ಮಾಡಿಟ್ಟ ಮೇಲೆ ಯಾವ ಬಾಯಿಂದ ಆಗಲ್ಲ ಅನ್ನಲಿ? ತಲೆಗೆ ನೀರು ಹುಯ್ದುಕೊಂಡು, ಎದುರು ಮನೆಯಾಕೆ ಕೊಟ್ಟ ಸೀರೆ ಉಟ್ಟು, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಆಫೀಸಿಗೆ ಫೋನ್ ಮಾಡಿ ಐದು ದಿನ ರಜೆ ಕೇಳಿದೆ. ಮನೆಯಲ್ಲಿ ನಿಜ ಹೇಳಿದರೆ ರಂಪ ಆಗುತ್ತದೆಂದು ತರಬೇತಿ ಇದೆ ಅಂದೆ. ಸುಳ್ಳೇನೂ ಅಲ್ಲ ಅನ್ನಿ.

ಆ ಐದು ದಿನ ನನಗೆ ಕಲಿಸಿದವಳು ಚಿಕ್ಕಮ್ಮ. ಒಳಗೆ ಬರುವಂತಿರಲಿಲ್ಲ, ಹಾಗಾಗಿ ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಅಕ್ಕನ ಪಕ್ಕದಲ್ಲೇ ಕೂತು ಜಾಲರಿಯ ಮೂಲಕ ನನ್ನ ಕೈಯನ್ನೇ ನೋಡುತ್ತಿದ್ದಳು. ಹಾಗಲ್ಲ, ಮೆಲ್ಲಗೆ, ಅಡ್ಡ ಹಾಕು, ಅಲ್ಲಿ ಸಾಲದು, ಒದ್ದೆ ಸೊಪ್ಪು ತೆಗೆ... ತೆಲುಗು ಕನ್ನಡ ಎರಡನ್ನೂ ಕಲಸಿ ಒಂದೇ ಸಮ ಹೇಳುತ್ತಿದ್ದಳು. ಮೂರು ವರ್ಷದಲ್ಲಿ ನಾನು ಅವಳಿಂದ ಕೇಳಿದ ಮಾತಿಗಿಂತ ಆ ಐದು ದಿನ ಬೈಸಿಕೊಂಡ ಮಾತೇ ಹೆಚ್ಚು. ಒಂದು ಹುಳ ಕೆಳಗೆ ಬಿದ್ದರೂ ಅವಳಿಗೆ ಕಾಣುತ್ತಿತ್ತು. ಎತ್ತು ಅನ್ನುತ್ತಿದ್ದಳು. ಮೊದಲ ದಿನ ಎಲೆಯಲ್ಲಿ ಸುತ್ತಿ ಎತ್ತಿದೆ. ಎರಡನೆಯ ದಿನದ ಹೊತ್ತಿಗೆ ಬರಿಗೈಯಲ್ಲೇ ಎತ್ತುತ್ತಿದ್ದೆ. ತಣ್ಣಗೆ, ಮೆತ್ತಗೆ, ಅಂಥ ಹೆದರುವಂಥದ್ದೇನೂ ಇರಲಿಲ್ಲ. ಮೊದಮೊದಲು ಅಳುತ್ತಳುತ್ತಲೇ ಹೇಳುತ್ತಿದ್ದವಳು ಆಮೇಲೆ ಅಳು ಬಿಟ್ಟು ಬರೀ ಬೈಯುವುದಕ್ಕೆ ನಿಂತಳು. ಮಧ್ಯಾಹ್ನದ ಹೊತ್ತು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ನಾನು ಒಳಗಿನಿಂದ ನೋಡುತ್ತಿದ್ದೆ.

ಐದನೆಯ ದಿನ ಹುಳ ಹಣ್ಣಾದವು, ಮೈ ತಿಳಿಯಾಗಿ ಹಳದಿಗೆ ತಿರುಗಿದವು. ಅಷ್ಟು ಹೊತ್ತಿಗೆ ಹೋಳೂರಿನಿಂದ ಎದುರು ಮನೆಯಾಕೆಯ ತವರಿನವರು ಇಬ್ಬರು, ಹುಳ ಸಾಕದವರೇ, ಬಂದು ಸೇರಿಕೊಂಡರು. ಮೂವರೂ ಹುಳ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟೆವು. ಬೆಳೆ ಎಂದಿನಷ್ಟು ಚೆನ್ನಾಗಿ ಬರಲಿಲ್ಲ. ನನ್ನ ಕೈಗುಣ ಅಂತ ಯಜಮಾನರು ಆಮೇಲೆ ಎಷ್ಟೋ ವರ್ಷ ನಗುತ್ತಿದ್ದರು.

ಹನ್ನೊಂದನೆಯ ದಿನದ ತಿಥಿಗೆ ನನ್ನನ್ನು ಕರೆದಿದ್ದರು. ಮನೆಯ ಹೆಂಗಸರು ಬೆಳಿಗ್ಗೆಯೇ ಎಣ್ಣೆ ಹಚ್ಚಿಕೊಂಡು ಸಾಲಾಗಿ ಸ್ನಾನಕ್ಕೆ ಕೂತಿದ್ದರು. ಅಕ್ಕನೇ ಚಿಕ್ಕಮ್ಮನ ತಲೆಗೆ ನೀರು ಹುಯ್ದರು. ಮಧ್ಯಾಹ್ನ ಹೊರಗಿನವರ ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಹಾಕಿ ಉಪಚಾರ ಮಾಡಿ ಬಡಿಸಿದರು. ಬಡಿಸಿದವಳು ಚಿಕ್ಕಮ್ಮ. ಅವಳು ಉಂಡದ್ದು ಎಲ್ಲರದೂ ಆದ ಮೇಲೆ, ಮನೆಯವರ ಜೊತೆ.

ಆ ತಿಂಗಳ ಫಾರಂ ನಾನು ತುಂಬಲಿಲ್ಲ. ಎರಡು ಸಲ ಕೇಳಿ ಆಫೀಸಿನವರೂ ಸುಮ್ಮನಾದರು. ಆಮೇಲೂ ಆ ಮನೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗಿದ್ದೇನೆ. ಅಕ್ಕ ಬದಲಾಗಲಿಲ್ಲ. ಅದೇ ಸಿಡುಕು, ಅದೇ ಬಿರುಸು. ಆವತ್ತಿನ ನನ್ನ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನೇ ಒಂದು ಸಲ ಕ್ಷಮೆ ಕೇಳಲು ಹೋದೆ. ನಾವೂ ಅವಳನ್ನು ಬೇರೆ ಕೂರಿಸಿರಲಿಲ್ಲವೇ, ಬಿಡಿ, ಸೊಪ್ಪು ಬಾಡುತ್ತದೆ ಎಂದು ಎದ್ದು ಹೋದರು. ನಿವೃತ್ತಿಯಾದ ಮೇಲೆ ಹೋಗುವುದು ಕಡಿಮೆಯಾಯಿತು. ಮಂಡಿ ನೋವು, ಬಸ್ಸು ಹತ್ತಬೇಕಲ್ಲ... ಎಲ್ಲರೂ ಹೇಳಿಕೊಳ್ಳುವ ಕಾರಣಗಳೇ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ತಿಂಗಳ ಮೇಲೆ. ಹಳೆಯ ಸಹೋದ್ಯೋಗಿಯೊಬ್ಬಳು ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಹೇಳಿದಳು. ಹೇಳಲು ನಾಚಿಕೆಯಾಗುತ್ತದೆ, ಮೊದಲು ನನ್ನ ತಲೆಗೆ ಬಂದದ್ದು ದುಃಖವಲ್ಲ, ಸಂಸ್ಥೆಯ ನಿಯಮ. ನೋಡಿಕೊಳ್ಳುವ ಯಜಮಾನಿ ತೀರಿಕೊಂಡರೆ ಏರ್ಪಾಡು ಮುಗಿದಂತೆ. ಅಲ್ಲಿ ಇರುವವರನ್ನು ವಾಪಸು ಕರೆಸಿಕೊಳ್ಳಬೇಕು. ಚಿಕ್ಕಮ್ಮನಿಗೆ ಈಗ ಅರವತ್ತರ ಹತ್ತಿರ. ಮತ್ತೆ ಆ ಸಾಲು ಮಂಚ, ಮತ್ತೆ ಕೈಯಲ್ಲಿ ಚೀಲ. ಮರುದಿನವೇ ಸುಗಟೂರಿನ ಬಸ್ಸು ಹತ್ತಿದೆ.

ಯಜಮಾನರು ಜಗಲಿಯಲ್ಲಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಅವರ ಮಗ ಈಗ ಮನೆ ನೋಡಿಕೊಳ್ಳುತ್ತಾನೆ. ಸುತ್ತಿ ಬಳಸಿ ವಿಚಾರಕ್ಕೆ ಬಂದೆ: ಇನ್ನು ಮುಂದೆ ಹೇಗೆ, ಸಂಸ್ಥೆಯವರು ಬಂದಿದ್ದರಾ, ಅವಳನ್ನು ಕಳಿಸುವ ಮಾತೇನಾದರೂ... ಮಗನಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

"ಯಾರ್ನ ಮೇಡಂ ಕಳ್ಸೋದು?" ಎಂದ. "ಚಿಕ್ಕಮ್ಮನ್ನಾ? ಎಲ್ಲಿಗೆ?"

ಅಷ್ಟು ಕೇಳಿದ್ದೇ ಸಾಕಾಯಿತು.

ಹುಳದ ಮನೆಯ ಕಡೆ ಹೋದೆ. ಚಿಕ್ಕಮ್ಮ ಬಾಗಿಲಿಗೆ ಬಂದು, ಕೈ ಅಡ್ಡ ಹಿಡಿದು, ಅಲ್ಲೇ ನಿಲ್ಲಿ ಎಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹುಳ ಮೂರನೇ ಜ್ವರದಲ್ಲಿದೆ, ಹೊರಗಿನವರು ಬರಬಾರದು ಎಂದಳು. ಮುಂದೆ ನಾನು ಏನೂ ಕೇಳದೆಯೇ ಹೇಳತೊಡಗಿದಳು. ಅಕ್ಕನಿಗೆ ಉಸಿರಾಟದ ತೊಂದರೆ ಇತ್ತು, ಕೊನೆಯ ಎರಡು ದಿನ ಏನೂ ತಿನ್ನಲಿಲ್ಲ, ಕಾಲಿಗೆ ಎಣ್ಣೆ ತಿಕ್ಕಿದರೆ ಮಾತ್ರ ಕಣ್ಣು ಬಿಡುತ್ತಿದ್ದರು. ಅಕ್ಕನ ಸೂತಕದ ಹನ್ನೊಂದು ದಿನ ಮನೆಯವರು ಯಾರೂ ಹುಳ ಸಾಕಲಿಲ್ಲ, ಮರಿ ಹುಳ ತರುವುದನ್ನೇ ನಿಲ್ಲಿಸಿದ್ದರು. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ನನ್ನನ್ನು ನೋಡಿದಳು.

"ನಿಮ್ಗೆ ಯಾರೂ ಹೇಳ್ಲಿಲ್ವಾ?"

ಇಲ್ಲ ಎಂದೆ.

"ಮನೆಯೋರಿಗೆಲ್ಲ ಹೇಳಿದ್ವಿ" ಎಂದಳು. ನನ್ನನ್ನು ನೋಯಿಸಬೇಕೆಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೂಡು ಬಿಡಿಸಿದ ಮೇಲೆ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ ಎಂದು ಹೇಳಿ ಒಳಗೆ ಹೋದಳು.

ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿ ಕೂತಿದ್ದಾಕೆ, ಯಾರು ಹೋದರು ಎಂದು ಕೇಳಿದಳು. ಅಕ್ಕ ಎಂದೆ. ಒಡಹುಟ್ಟಿದವರಾ ಎಂದಳು. ಅಲ್ಲ ಎಂದು ಕಿಟಕಿಯ ಕಡೆ ತಿರುಗಿದೆ.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ಎಂದಿನಂತೆ ದೀಪ ಹಚ್ಚಿದೆ. ಸೂತಕ ಇದೆ, ಹಚ್ಚಬೇಡ ಅನ್ನುವವರು ಯಾರೂ ಇರಲಿಲ್ಲ.